ವಿದ್ಯುತ್ ಉಳಿತಾಯ ಮತ್ತು ಮನೆಯ ಕಸ: ಒಂದು ಲೆಕ್ಕಾಚಾರ

ರಾಷ್ಟ್ರದ ಪರಿಸರದ ಮೇಲಿನ ಹೊರೆಯಲ್ಲಿ ರಾಣೆಬೆನ್ನೂರಿನ ಸಣ್ಣ ಗಿರಣಿಯ ಮೋಟಾರಿಗೂ ಪಾಲಿದೆ. 10 ಅಶ್ವಶಕ್ತಿಯ ಮೋಟಾರೊಂದು ವರ್ಷಕ್ಕೆ 3,000 ಗಂಟೆ ಪೂರ್ಣ ಸಾಮರ್ಥ್ಯದಲ್ಲಿ ನಡೆಯುವುದೆಂದು ಭಾವಿಸೋಣ. ಅದರ ದಕ್ಷತೆಯು ಶೇ. 85ರಿಂದ 90ಕ್ಕೇರಿದರೆ ಸುಮಾರು 1,460 ಯೂನಿಟ್ ಉಳಿಯುತ್ತದೆ. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ ಉಳಿತಾಯ 10,000 ರೂಪಾಯಿಗೆ ಮೇಲ್ಪಟ್ಟದ್ದು. ದೇಶದ ವಿದ್ಯುತ್ ಜಾಲದಲ್ಲಿ ಪ್ರತಿ ಯೂನಿಟ್ಟಿಗೆ ಸುಮಾರು 0.7 ಕಿ.ಗ್ರಾಂ. ಇಂಗಾಲದ ಡೈಆಕ್ಸೈಡ್ ಹೊರಬೀಳುವುದರಿಂದ, ಒಂದು ಟನ್ನಿನಷ್ಟು ತಗ್ಗುತ್ತದೆ. ಭಾರತೀಯನೊಬ್ಬನ ವಾರ್ಷಿಕ ಸರಾಸರಿಯ ಹತ್ತಿರಹತ್ತಿರ ಅರ್ಧ! ಸುಟ್ಟ ಮೋಟಾರನ್ನು ಮತ್ತೆ ಮತ್ತೆ ರಿವೈಂಡಿಂಗ್ ಮಾಡಿಸುವವರು ಈ ಖರ್ಚನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಬಣ್ಣ ಕೆಡದಂತೆ ಅದನ್ನು ಶೀತಲಗೃಹಗಳಲ್ಲಿ ತಿಂಗಳುಗಟ್ಟಲೆ ಇರಿಸುತ್ತಾರೆ. ಬಾಗಿಲಿನ ರಬ್ಬರು ಸವೆದರೆ ಕಂಪ್ರೆಸರ್ ಹೆಚ್ಚು ಹೊತ್ತು ಓಡುತ್ತದೆ. ಆ ನಷ್ಟವಾದರೂ ಬಿಲ್ಲಿನಲ್ಲಿ ಕಾಣುತ್ತದೆ.

ಮನೆಯ ಕಸದ ನಷ್ಟ ಯಾವ ಖಾತೆಯಲ್ಲಿಯೂ ಕಾಣದು. ಹಾವೇರಿಯ ಮನೆಗಳ ಉಳಿದ ಅನ್ನ, ತರಕಾರಿ ಸಿಪ್ಪೆಗಳು ಪ್ಲಾಸ್ಟಿಕ್ಕಿನೊಡನೆ ಬೆರೆತು, ರಾಶಿಯೊಳಗೆ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಅನಿಲ ಹುಟ್ಟುತ್ತದೆ. 100 ವರ್ಷಗಳ ಅವಧಿಯಲ್ಲಿ ಅದರ ತಾಪಕಾರಕ ಶಕ್ತಿಯು ಇಂಗಾಲದ ಡೈಆಕ್ಸೈಡಿನ ಸುಮಾರು 28 ಪಟ್ಟು. ಅದೇ ಹಸಿ ಕಸವನ್ನು ಬೇರ್ಪಡಿಸಿದರೆ ಗೊಬ್ಬರವಾಗುತ್ತದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮನೆಯಲ್ಲಿಯೇ ವಿಂಗಡಣೆಯನ್ನು ಕಡ್ಡಾಯಗೊಳಿಸಿದವು. ವಿಂಗಡಿಸದ ಕಸವನ್ನು ಸಾಗಿಸುವ ವಾಹನದ ಡೀಸೆಲ್ ವೆಚ್ಚಕ್ಕೆ ವರ್ತಕರು ತೆರುವ ತೆರಿಗೆಯೂ ಸೇರುತ್ತದೆ.