ಹನ್ನ ಹೊಲಿದ ನಿಲುವಂಗಿ: ಕ್ರಿಸ್ಮಸ್ ಉಡುಗೊರೆಯ ಕುರಿತು ಆಗಮನ ಕಾಲದ ಅಧ್ಯಯನ

ಮನೆಕೂಟದಲ್ಲಿ ಮೊದಲು ಓದಿಕೊಳ್ಳಿ: 1 ಸಮುವೇಲ 2:18-21, ಪ್ರೇಷಿತರ ಕಾರ್ಯಕಲಾಪಗಳು 9:36-43, ಲೂಕ 14:12-14.

ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದಲ್ಲಿ ದಾನಮ್ಮದೇವಿಯ ಜಾತ್ರೆ. ವಿಜಯಪುರದ ಕಡೆಯಿಂದ ಜನ ನಡೆದುಕೊಂಡೇ ಬರುತ್ತಾರೆ. ಒಂದೆರಡು ವಾರ ಹಿಂದುಮುಂದಾಗಿ ನಮ್ಮ ಆಗಮನ ಕಾಲವೂ ಅದೇ ಹೊತ್ತಿಗೆ ಶುರುವಾಗುತ್ತದೆ. 12ನೆಯ ಶತಮಾನದ ಈ ಶರಣೆ ಹುಟ್ಟಿದ್ದು ಹತ್ತಿರದ ಉಮರಾಣಿಯಲ್ಲಿ, ಮೊದಲಿನ ಹೆಸರು ಲಿಂಗಮ್ಮ, ಕೈಬಿಚ್ಚಿ ಕೊಡುವ ಗುಣ ನೋಡಿ ಬಸವಣ್ಣನವರು ದಾನಮ್ಮ ಎಂದು ಕರೆದರು ಎಂದು ಇಲ್ಲಿಯ ಜನ ಹೇಳುತ್ತಾರೆ. ಬೇರೆ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದದ್ದನ್ನು ಧರ್ಮಸಭೆ ತಳ್ಳಿಹಾಕುವುದಿಲ್ಲ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ತಿಳಿಸಿತು. ಹಾಗಾಗಿ ಈ ಹೆಸರನ್ನು ನಾವೂ ಗೌರವದಿಂದ ನೆನೆಯಬಹುದು. ಕೊಡುವುದರಿಂದಲೇ ಹೆಸರಾದವಳ ನೆಲದಲ್ಲಿ ಇದ್ದುಕೊಂಡು, ಕ್ರಿಸ್ತಜಯಂತಿ ಬಂದಾಗ ನಾವು ಕೊಡುವ ಕೆಲಸವನ್ನು ಅಂಗಡಿಯವರಿಗೆ ಬಿಟ್ಟುಬಿಟ್ಟಿದ್ದೇವೆ.

ಅಂಗಡಿಯದು ತಪ್ಪೆಂದಲ್ಲ. ತೊಂದರೆ ಇರುವುದು ಲೆಕ್ಕದಲ್ಲಿ. ಮದುವೆಯಲ್ಲಿ ಯಾರು ಏನು ಆಯಾರ ಮಾಡಿದರು ಎಂದು ವಹಿಯಲ್ಲಿ ಬರೆದಿಡುವುದು ನಮ್ಮ ಕಡೆಯ ಪದ್ಧತಿ. ನಾಳೆ ಅವರ ಮನೆಯ ಮದುವೆಗೆ ಅಷ್ಟೇ ಮಾಡಬೇಕಲ್ಲ! ಈಗ ಕ್ರಿಸ್ಮಸ್ಸಿಗೂ ಅದೇ ವಹಿ ತೆರೆದಿದೆ. ಅಕ್ಕನ ಮನೆಯಿಂದ ಪ್ಯಾಂಟು-ಶರ್ಟು ಪೀಸು ಬಂದರೆ ತಂಗಿಯ ಮನೆಯಿಂದ ಸೀರೆ ಹೋಗಬೇಕು. ತಂಗಿಯ ಗಂಡನಿಗೆ ಆ ವರ್ಷ ಕೆಲಸವಿರದಿದ್ದರೆ ಸಾಲ. ಯೇಸುಸ್ವಾಮಿ ಔತಣದ ಸಾಮತಿಯಲ್ಲಿ ತಿರುಗಿ ಕರೆಯಬಲ್ಲವರನ್ನು ಬಿಟ್ಟು, ತಿರುಗಿ ಕೊಡಲಾರದವರನ್ನು ಕರೆಯಲು ಹೇಳಿದ್ದು ಈ ವಹಿಯನ್ನು ಮುಚ್ಚಿಸುವುದಕ್ಕೇ. ಕೈಯಿಂದ ಮಾಡಿದ ವಸ್ತುವಿನ ದೊಡ್ಡ ಅನುಕೂಲ ಇದು: ಅದನ್ನು ವಹಿಯಲ್ಲಿ ಎಷ್ಟು ರೂಪಾಯಿ ಎಂದು ಬರೆಯುವುದು?

ಉಡುಗೊರೆ ಎಂದಕೂಡಲೇ ಪ್ರವಚನಗಳಲ್ಲಿ ಚಿನ್ನ, ಧೂಪ, ರಕ್ತಬೋಳ ತಂದ ಜ್ಞಾನಿಗಳೇ ಬರುತ್ತಾರೆ. ಅವರು ದೂರದವರು, ಉಳ್ಳವರು. ನಮ್ಮ ಮನೆಗಳಿಗೆ ಹೆಚ್ಚು ಹತ್ತಿರದವಳು ಹನ್ನ. ಬಹಳ ಕಾಲ ಮಕ್ಕಳಿಲ್ಲದೆ ಅತ್ತು ಬೇಡಿ ಪಡೆದ ಮಗ ಸಮುವೇಲನನ್ನು ಅವಳು ಶಿಲೋವಿನ ದೇವಾಲಯಕ್ಕೆ ಒಪ್ಪಿಸಿದಳು. ಆಮೇಲೆ ವರ್ಷಕ್ಕೊಮ್ಮೆ ಗಂಡನೊಡನೆ ಬಲಿಯರ್ಪಣೆಗೆ ಹೋಗುವಾಗ ಮಗನಿಗೊಂದು ಪುಟ್ಟ ನಿಲುವಂಗಿ ಮಾಡಿ ಒಯ್ಯುತ್ತಿದ್ದಳು.

ಈ ಒಂದು ವಚನದ ಮೇಲೆ ಸ್ವಲ್ಪ ನಿಲ್ಲೋಣ. ಮಗ ಕಣ್ಣೆದುರು ಇಲ್ಲ. ಹೋದ ವರ್ಷ ಮೊಣಕಾಲವರೆಗೆ ಬಂದ ಅಂಗಿ ಈ ವರ್ಷ ಎಲ್ಲಿಗೆ ಬರುತ್ತದೋ ಗೊತ್ತಿಲ್ಲ. ಅಳತೆ ಹಿಡಿಯಬೇಕಾದರೆ ಅವಳು ಮಗನನ್ನು ಮನಸ್ಸಿನಲ್ಲಿಯೇ ನಿಲ್ಲಿಸಿಕೊಂಡು ನೋಡಬೇಕು. ಅವನ ಓರಗೆಯ ಮಕ್ಕಳು ಊರಲ್ಲಿ ಎಷ್ಟು ಬೆಳೆದಿದ್ದಾರೆ ಎಂದು ನೋಡಿಕೊಂಡಿರಲೂಬಹುದು (ಇದು ನನ್ನ ಊಹೆ, ಗ್ರಂಥದಲ್ಲಿಲ್ಲ). ಮುಂದೆ ಅವಳಿಗೆ ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಆದರು. ಮನೆ ತುಂಬಿದ ಮೇಲೆ ದೂರದ ಮಗನನ್ನು ಮರೆಯುವುದು ಸುಲಭವಿತ್ತು. ಅಳತೆ ನೆನೆಯುವುದೇ ಇಲ್ಲಿ ಪ್ರೀತಿ. ಬಟ್ಟೆ ಅದರ ಗುರುತು. ಯಾರಿಗೆ ಏನು ಕೊಡಲಿ ಎಂದು ಕೇಳುವವರು ಮೊದಲು ಅವರ ಅಳತೆ ನಮಗೆ ಗೊತ್ತಿದೆಯೇ ಎಂದು ಕೇಳಿಕೊಳ್ಳಬೇಕು.

ಜೊಪ್ಪದ ತಬಿಥಳದು ಇನ್ನೊಂದು ಬಗೆ. ಅವಳು ತೀರಿಕೊಂಡಾಗ ವಿಧವೆಯರು ಅಳುತ್ತಾ ಪೇತ್ರರಿಗೆ ತೋರಿಸಿದ್ದು ಅವಳು ಹೊಲಿದುಕೊಟ್ಟ ಬಟ್ಟೆಗಳನ್ನು. ಅವಳ ಪರವಾಗಿ ಅವರು ಬೇರೇನೂ ಹೇಳಬೇಕಾಗಲಿಲ್ಲ.

ನಮ್ಮ ಕಡೆ ಇದಕ್ಕೆ ತೀರ ಹತ್ತಿರದ್ದು ಕೌದಿ. ಹಳೆಯ ನೂಲಿನ ಸೀರೆ, ಧೋತರ ಪದರ ಪದರವಾಗಿ ಹಾಸಿ, ಅಂಚಿನಿಂದ ಒಳಕ್ಕೆ ಕೈಹೊಲಿಗೆ ಹಾಕುತ್ತ ಬರುವುದು. ಹಳಿಯಾಳ, ಯಲ್ಲಾಪುರದ ಕಾಡಿನ ಸಿದ್ದಿಯರು ಇದನ್ನೇ ಕವಂದಿ ಎನ್ನುತ್ತಾರೆ. ಅವರಲ್ಲಿ ಕಥೋಲಿಕರೂ ಇದ್ದಾರೆ. ಮೂಲೆಗಳಿಗೆ ಫೂಲ ಎಂಬ ಮುಕ್ಕೋನದ ತುಣುಕುಗಳನ್ನು ಹೊಲಿಯದಿದ್ದರೆ ಅವರ ಕಣ್ಣಿಗೆ ಕವಂದಿ ಮುಗಿದಂತಲ್ಲ. ಆ ವರ್ಷ ಹುಟ್ಟಿದ ಕೂಸಿಗೆ ಮೂರು ಅಡಿ ಉದ್ದ, ಎರಡೂವರೆ ಅಡಿ ಅಗಲದ ಕೌದಿ ಸಾಕು; ಪದರ ಬಹಳ ಹೆಚ್ಚಾದರೆ ಸೂಜಿ ಇಳಿಯುವುದು ಕಷ್ಟ. ತೀರಿಕೊಂಡ ಅಜ್ಜಿಯ ಸೀರೆಯ ತುಂಡೊಂದು ಅದರಲ್ಲಿ ಸೇರಿದರೆ ಆ ಮನೆಯವರಿಗೆ ಬೇರೆ ಉಡುಗೊರೆ ಬೇಕಾಗುವುದಿಲ್ಲ. ಡಿಸೆಂಬರಿನಲ್ಲಿ ಶುರು ಮಾಡಿದರೆ ಕ್ರಿಸ್ಮಸ್ಸಿಗೆ ಮುಗಿಯುವುದು ಕಷ್ಟ. ದೀಪಾವಳಿಯ ಮನೆ ಸ್ವಚ್ಛ ಮಾಡುವಾಗಲೇ ಬಟ್ಟೆ ಆರಿಸಿಡುವುದು ಜಾಣತನ.

ಜತ್ತ ತಾಲೂಕಿನಿಂದ ದೀಪಾವಳಿಯ ಆಸುಪಾಸಿನಲ್ಲಿ ಕಬ್ಬು ಕಡಿಯಲು ಹೋದವರು ಮರಳುವುದು ಬೇಸಿಗೆ ಹೊತ್ತಿಗೆ. ಅವರ ಕ್ರಿಸ್ಮಸ್ ಕಾರ್ಖಾನೆಯ ಪಕ್ಕದ ಜೋಪಡಿಯಲ್ಲಿ. ಅವರಿಗೆ ಕೇಕಿಗಿಂತ ಕಡಕ್ ಸಜ್ಜಿರೊಟ್ಟಿ, ಶೇಂಗಾ ಹಿಂಡಿ ಮೇಲು. ನಸುಕಿನಲ್ಲಿ ಎದ್ದು ಹೊಲಕ್ಕೆ ಹೋಗುವ ಹೆಣ್ಣುಮಗಳಿಗೆ ಒಂದು ಹೊತ್ತಿನ ಪಲ್ಯ ಮಾಡುವ ಕೆಲಸ ಉಳಿಯುತ್ತದೆ. ಕಾಲು ಕಿಲೋ ಶೇಂಗಾ ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ತೆಗೆದು, ಹತ್ತು-ಹನ್ನೆರಡು ಎಸಳು ಬೆಳ್ಳುಳ್ಳಿ, ಎರಡು ಚಮಚ ಖಾರದ ಪುಡಿ, ಒಂದು ಚಮಚ ಜೀರಿಗೆ, ಉಪ್ಪು ಹಾಕಿ ಒಳಕಲ್ಲಿನಲ್ಲಿ ಕುಟ್ಟಿ. ಮಿಕ್ಸರಿನಲ್ಲಿ ಬಹಳ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಿ. ಸಿಹಿಗೆ ಶೇಂಗಾ ಉಂಡಿ: ಕಾಲು ಕಿಲೋ ಹುರಿದ ಶೇಂಗಾಕ್ಕೆ 200 ಗ್ರಾಂ ಬೆಲ್ಲ, ಎರಡು ಏಲಕ್ಕಿ, ಪಾಕವಿಲ್ಲದೆ ಕುಟ್ಟಿ ಕಟ್ಟುವುದು. ಮಂಗಳೂರು ಕಡೆಯ ಕೊಂಕಣಿ ಕುಟುಂಬಗಳ ಕುಸ್ವಾರದ ತಟ್ಟೆ ಬಹಳ ಚಂದ. ಆದರೆ ಅದನ್ನು ನೋಡಿ ನಮ್ಮ ಉಂಡಿ ಕಡಿಮೆಯದೆಂದು ನಾಚುವುದೇಕೆ?

ನೆರೆಯವರ ಮಾತು ಸ್ವಲ್ಪ ಸೂಕ್ಷ್ಮ. ಲಿಂಗಾಯತ ಮನೆಗಳಿಗೆ ಮೊಟ್ಟೆ ಹಾಕಿದ ಕೇಕು ಕಳಿಸುವುದು ಅಳತೆ ತಿಳಿಯದೆ ಅಂಗಿ ಹೊಲಿದಂತೆ. ಅವರು ಮುಖ ಮುರಿಯದೆ ತೆಗೆದುಕೊಂಡು ದನಕ್ಕೆ ಹಾಕಿದರೆ ಯಾರನ್ನು ದೂರೋಣ? ಸಾಂಗಲಿ ಜಿಲ್ಲೆಯ ಒಣದ್ರಾಕ್ಷಿ ದೇಶಕ್ಕೆಲ್ಲ ಗೊತ್ತು. ಒಂದು ಹಿಡಿ ದ್ರಾಕ್ಷಿ, ಬೆಲ್ಲದ ಅಚ್ಚು, ಎಳ್ಳು ಇಟ್ಟು, ಹಳೆಯ ಬಟ್ಟೆಯಲ್ಲಿ ಹೊಲಿದ ಚೀಲದಲ್ಲಿ ಕಟ್ಟಿ ಕೊಡಬಹುದು. ನಮ್ಮ ಕೈಯ ಅಡುಗೆಯನ್ನೇ ಮುಟ್ಟದ ಮನೆಗಳೂ ಅಲ್ಲಲ್ಲಿ ಇವೆ. ಅದನ್ನು ಮುಚ್ಚಿಟ್ಟು ಮಾತಾಡುವುದು ಬೇಡ. ಅಲ್ಲಿಗೆ ಬೇಯಿಸದ ಪದಾರ್ಥ ಕೊಡುವುದು ಸುಲಭದ ದಾರಿ, ಆದರೆ ಅದು ಸರಿಯೆಂದು ಒಪ್ಪಿಕೊಂಡ ಹಾಗಾಗಬಾರದು. ನನ್ನ ಅಭಿಪ್ರಾಯದಲ್ಲಿ, ಚೀಲ ಕೊಟ್ಟು ಹಬ್ಬದ ದಿನ ನಮ್ಮ ಮನೆಗೆ ಊಟಕ್ಕೆ ಬನ್ನಿ ಎಂದು ಬಾಯಿ ತೆರೆದು ಕರೆಯಬೇಕು. ಬರುವುದು ಬಿಡುವುದು ಅವರಿಗೆ ಬಿಟ್ಟದ್ದು.

ಮನೆಕೂಟದಲ್ಲಿ ಮಾತಾಡಲು: ನಮ್ಮ ವಾರ್ಡಿನಿಂದ ಕಬ್ಬಿಗೆ ಹೋದ ಕುಟುಂಬಗಳು ಯಾವುವು, ಯಾವ ಕಾರ್ಖಾನೆಯ ಹತ್ತಿರ ಇದ್ದಾರೆ? ಡಬ್ಬಿಗಳನ್ನು ಒಯ್ಯಲು 24ರೊಳಗೆ ಆ ಕಡೆ ಹೋಗುವವರು ಯಾರಿದ್ದಾರೆ? ಈ ವರ್ಷ ಯಾರ ಮನೆಯೊಡನೆ ಆಯಾರದ ವಹಿ ಮುಚ್ಚಬಹುದು, ಮತ್ತು ಆ ಮಾತನ್ನು ಅವರಿಗೆ ನೋವಾಗದಂತೆ ಮೊದಲು ಆಡುವವರು ಯಾರು?