ಕೋವಿಗೆ ರೆಡ್ ಡಾಟ್ ಬೇಕೆ?

ಪ್ರಶ್ನೆ: ಕೊಡಗಿನವನು, ಪುಣೆಯಲ್ಲಿ ನೌಕರಿ. ಲೈಸೆನ್ಸ್ ಇರುವ ಹಳೆಯ ಜೋಡಿ ನಳಿಗೆಯ 12 ಬೋರ್ ಕೋವಿಯಿದೆ. ಟ್ರ್ಯಾಪ್ ಅಭ್ಯಾಸದಲ್ಲಿ ತಟ್ಟೆಗಳು ತಪ್ಪುತ್ತಿವೆ. ರೆಡ್ ಡಾಟ್ (ಕೆಂಪು ಬೆಳಕಿನ ಚುಕ್ಕೆ ತೋರಿಸುವ ಗುರಿಸಾಧನ) ಹಾಕಿಸಲೇ?

ಉತ್ತರ: ಬೇಡ. ಹಾರುವ ತಟ್ಟೆಗೆ ಹೊಡೆಯುವಾಗ ನೋಟ ತಟ್ಟೆಯ ಮೇಲಿರಬೇಕು. ಚುಕ್ಕೆ ಹುಡುಕುತ್ತ ಕೈ ನಿಂತರೆ ಚರೆ ಹಿಂದೆ ಬೀಳುತ್ತದೆ. ಚರೆಕೋವಿಯಲ್ಲಿ ಹಿಂದಿನ ಗುರಿ ನಿಮ್ಮ ಕಣ್ಣೇ. ಕೆನ್ನೆ ಪ್ರತಿಸಲವೂ ಸ್ಟಾಕಿನ ಒಂದೇ ಜಾಗದಲ್ಲಿ ಕೂರದಿದ್ದರೆ ಯಾವ ಸಾಧನವೂ ಅದನ್ನು ಸರಿಪಡಿಸದು. ಕೋವಿ ಭುಜಕ್ಕೇರಿಸಿದಾಗ ತುದಿಯ ಮಣಿ ಕಾಣದೆ ನಳಿಗೆಯ ಬುಡ ಮಾತ್ರ ಕಂಡರೆ ಸ್ಟಾಕ್ ನಿಮಗೆ ತಗ್ಗು. ಚರ್ಮದ ಪಟ್ಟಿ ಕಟ್ಟಿ ಎತ್ತರಿಸಿ. ಆಮೇಲೆ ರೇಂಜಿನಲ್ಲಿ ದೊಡ್ಡ ಕಾಗದಕ್ಕೆ ಹೊಡೆದು, ಚರೆಗಳ ನಡುಭಾಗ ಎಲ್ಲಿ ಬೀಳುತ್ತದೆಂದು ನೋಡಿ. ಪುಣೆಯ ಬಾಲೇವಾಡಿ ಶೂಟಿಂಗ್ ರೇಂಜಿನ ತರಬೇತುದಾರರನ್ನು ವಿಚಾರಿಸಿದರೆ ದಾರಿ ತೋರಿಸಿಯಾರು.

ವಯಸ್ಸಾದ ಕಣ್ಣಿಗೆ ಚುಕ್ಕೆ ಸುಲಭವಲ್ಲವೇ ಎನ್ನಬಹುದು. ನಿಂತ ಗುರಿಗೆ ಒಂಟಿ ಗುಂಡು ಹೊಡೆಯುವವರಿಗೆ ಆ ಮಾತು ನಿಜ. ಆದರೆ ಬೆಳಕಿನ ಚುಕ್ಕೆಯ ಸಾಧನಗಳಿಗೆ ಅಂತರರಾಷ್ಟ್ರೀಯ ಟ್ರ್ಯಾಪ್ ಸ್ಪರ್ಧೆಯಲ್ಲಿ ಅವಕಾಶವೇ ಇಲ್ಲ. ಮಣಿ ಮಸುಕಾಗಿದ್ದರೆ ಅದೇ ತಿರುಪಿಗೆ ಬಿಳಿ ಮಣಿ ಹಾಕಿಸಿ. ಹಳೆಯ ಜೋಡಿ ನಳಿಗೆಯ ನಡುವಿನ ಪಟ್ಟಿ ಬೆಸುಗೆಯದು, ಅದಕ್ಕೆ ರಂಧ್ರ ಕೊರೆಸಲೇಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೆ ಮಾತ್ರ ಕೆಲಸ ಕೊಡಿ.