ಹುತ್ತ ಮೆಚ್ಚಿದವನಿಗೆ ಗೆದ್ದಲು ಕಲಿಸಿದ್ದು

ವಿಜಯಪುರದ ಕಡೆಯ ತಾಲ್ಲೂಕು ಪಟ್ಟಣವೊಂದರ ಸಾರ್ವಜನಿಕ ಗ್ರಂಥಾಲಯಕ್ಕೆ ನಕ್ಷೆ ಬರೆಯುವಾಗ ನನ್ನ ತಲೆಯ ತುಂಬ ಹುತ್ತವೇ ಇತ್ತು. ಕಟ್ಟಡ ಎರಡು ಬೇಸಿಗೆ, ಎರಡು ಮಳೆಗಾಲ ಕಂಡಿದೆ. ಟಿಪ್ಪಣಿ ಪುಸ್ತಕದಲ್ಲಿ ಉಳಿದಿರುವುದು ಇಷ್ಟು.

1. ಹುತ್ತದ ಕತೆಯನ್ನು ಪೂರ್ತಿ ಓದಬೇಕಿತ್ತು. ಜಿಂಬಾಬ್ವೆಯ ಹರಾರೆಯಲ್ಲಿ 1996ರಲ್ಲಿ ತೆರೆದ ಈಸ್ಟ್‌ಗೇಟ್ ಕಟ್ಟಡವನ್ನು ಮಿಕ್ ಪಿಯರ್ಸ್ ಹುತ್ತ ನೋಡಿ ರೂಪಿಸಿದರು ಎಂಬುದು ನಮ್ಮ ವೃತ್ತಿಯವರಿಗೆಲ್ಲ ಬಾಯಿಪಾಠ. ರಾತ್ರಿಯ ತಂಪನ್ನು ಕಾಂಕ್ರೀಟು ಹಿಡಿದಿಟ್ಟುಕೊಳ್ಳುತ್ತದೆ, ಬಿಸಿಗಾಳಿ ಚಿಮಣಿಗಳಿಂದ ಹೊರಬೀಳುತ್ತದೆ. ಆದರೆ 2008ರಲ್ಲಿ, ಹುತ್ತಗಳನ್ನೇ ಅಧ್ಯಯನ ಮಾಡಿದ ಸ್ಕಾಟ್ ಟರ್ನರ್, ರೂಪರ್ಟ್ ಸೋರ್ ಬರೆದದ್ದೇ ಬೇರೆ: ಹುತ್ತ ಇರುವುದು ಉಸಿರಾಟಕ್ಕೆ, ಶ್ವಾಸಕೋಶದ ಹಾಗೆ. ಗೂಡಿನ ಶಾಖ ಹದವಾಗಿರುವುದು ಸುತ್ತಲಿನ ನೆಲದಿಂದ. ಹುತ್ತವನ್ನು ತಪ್ಪಾಗಿ ತಿಳಿದರೂ ಪಿಯರ್ಸ್ ಕಟ್ಟಿದ್ದು ಸರಿಯಾಯಿತು. ನನಗೆ ಆ ಅದೃಷ್ಟವಿರಲಿಲ್ಲ. ನಾನು ಗೋಡೆಯನ್ನು ಹುತ್ತದಂತೆ ಬಳುಕಿಸಿದೆ. ಕಪಾಟುಗಳು ನೇರ, ಹಿಂದೆ ಉಳಿದ ಸಂದಿಯಲ್ಲಿ ಕಸ ಸೇರಿತು, ಒಂದು ದಿನ ಅಲ್ಲೇ ಗೆದ್ದಲಿನ ಮಣ್ಣಿನ ಗೆರೆ ಮೇಲೇರಿತ್ತು. ಈಗ ಕಪಾಟನ್ನು ಕಬ್ಬಿಣದ ಕಾಲುಗಳ ಮೇಲೆ, ಗೋಡೆಯಿಂದ ದೂರ ನಿಲ್ಲಿಸುತ್ತೇನೆ. ಎಷ್ಟು ದೂರ? ಪೊರಕೆ ಹೋಗುವಷ್ಟು.

2. ಊರಿನ ಮಾತು ಮೊದಲೇ ಕೇಳಬೇಕು. ಸಿಮೆಂಟು ಬೆರೆಸಿ ಒತ್ತಿದ, ಸುಡದ ಮಣ್ಣಿನ ಇಟ್ಟಿಗೆಯೇ ಆಗಬೇಕೆಂದು ಹಟ ಹಿಡಿದೆ. ಅಲ್ಲಿಯದು ಎರೆಮಣ್ಣು, ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ದೂರದಿಂದ ಲಾರಿಯಲ್ಲಿ ಕೆಮ್ಮಣ್ಣು ತರಿಸಿದೆ. “ಕಾಲಾಗ ಕಲ್ಲು ಬಿದ್ದಾವ, ಮಣ್ಣು ಯಾಕ ತರಸ್ತೀರಿ ಸಾಹೇಬ್ರ?” ಎಂದರು ಗೌಂಡಿ. ಅರ್ಧ ಗೋಡೆಯ ಮೇಲೆ ಸೋತು ಕಲ್ಲಿಗೆ ಬಂದೆ.

3. ಉತ್ತರದ ಕಿಟಕಿಯನ್ನು ನಂಬಬೇಡಿ. ಓದುವ ಕೋಣೆಗೆ ಉತ್ತರದ ಬೆಳಕು ತಂಪು ಎನ್ನುವುದು ಯುರೋಪಿನ ಪಠ್ಯದ ಮಾತು. ಆ ಭಾಗದಲ್ಲಿ ಮೇ ಎರಡನೇ ವಾರದಿಂದ ಜುಲೈ ಕೊನೆಯವರೆಗೆ ನಡುಮಧ್ಯಾಹ್ನವೂ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಸಂಜೆಯಂತೂ ಓರೆಬಿಸಿಲು ನೇರ ಮೇಜಿಗೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದ ಹುಡುಗಿಯೊಬ್ಬಳು ಗಾಜಿಗೆ ಹಳೆಯ ದಿನಪತ್ರಿಕೆ ಅಂಟಿಸಿದ್ದಳು. “ಕಣ್ಣು ಕುಕ್ಕತೈತ್ರಿ ಸರ್.” ಸಜ್ಜಾ ಇತ್ತು, ಆದರೆ ಓರೆಬಿಸಿಲಿಗೆ ಸಜ್ಜಾ ಏನು ಮಾಡೀತು? ಕಿಟಕಿಯ ಪಕ್ಕಕ್ಕೆ ಕಲ್ಲಿನ ಚಪ್ಪಡಿಗಳನ್ನು ನಿಲುವಾಗಿ ಕೂರಿಸಿದೆವು. ಪತ್ರಿಕೆ ಕಿತ್ತು ತೆಗೆದವಳೂ ಅವಳೇ.

4. ಪುಸ್ತಕಕ್ಕೂ ಓದುಗರಿಗೂ ಒಂದೇ ಹವೆ ಒಗ್ಗದು. ತಿರುವನಂತಪುರದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ಆವರಣದಲ್ಲಿ ಲಾರಿ ಬೇಕರ್ ಕಟ್ಟಿದ ಇಟ್ಟಿಗೆಯ ಗ್ರಂಥಾಲಯ ಗೋಪುರವನ್ನೂ ಜಾಲಿ ಗೋಡೆಗಳನ್ನೂ ನೋಡಿ ಬಂದವರು ಜಾಲಿ ಬರೆಯದೆ ಇರುವುದಿಲ್ಲ. ನಾನೂ ಬರೆದೆ. ಜಾಲಿಯಿಂದ ಗಾಳಿ ಬಂತು, ಅದರ ಹಿಂದೆಯೇ ದೂಳು, ಎರಚಲು ಮಳೆ, ಪಾರಿವಾಳ. ತೇವಾಂಶ ಶೇ 65 ದಾಟಿ ನಿಂತರೆ ಕಾಗದ ಬೂಷ್ಟು ಹಿಡಿಯುತ್ತದೆ. ಈಗ ಜಾಲಿ ಜಗಲಿಗೆ, ಪತ್ರಿಕೆ ಓದುವ ಹಿರಿಯರಿಗೆ; ಪುಸ್ತಕಗಳು ದಪ್ಪ ಗೋಡೆಯ ಒಳಗೆ.

5. ಮಳೆನೀರಿನ ಲೆಕ್ಕ ಸುಲಭ. 100 ಚದರ ಮೀಟರ್ ಚಾವಣಿಗೆ 10 ಮಿಲಿಮೀಟರ್ ಮಳೆ ಬಿದ್ದರೆ 1,000 ಲೀಟರ್. ತೊಟ್ಟಿ, ಸೋಸುಗುಂಡಿ, ಶೌಚಾಲಯಕ್ಕೆ ಕೊಳವೆ ಎಲ್ಲವನ್ನೂ ಬರೆದಿದ್ದೆ. ಬೇವಿನೆಲೆ ಕೊಳವೆಯ ಬಾಯಿ ಮುಚ್ಚಿದಾಗ ಚಾವಣಿಗೆ ಹತ್ತಲು ಮೆಟ್ಟಿಲು ಮಾತ್ರ ಬರೆದಿರಲಿಲ್ಲ. ಗ್ರಂಥಪಾಲಕರು ಈಗಲೂ ಪಕ್ಕದ ಮನೆಯಿಂದ ಏಣಿ ತರುತ್ತಾರೆ.